ಒಂದೆಲಗದ ಮೂಲೆ

“ಮಾವ, ಇಲ್ಲಿ ಆಗೂದಿಲ್ಲ. ನೀರು ಬಂತು!”

ಗುದ್ದಲಿ ಬಿಟ್ಟು ಅಳಿಯ ದಿನಕರ ಗುಂಡಿಯಿಂದ ಮೇಲೆ ಹತ್ತಿದ. ಸೊಂಟದಾಳಕ್ಕೂ ಅಗೆದಿರಲಿಲ್ಲ, ನಸುಕಿಗೆ ತೀರಿಕೊಂಡ ಹನುಮಕ್ಕನನ್ನು ಮಲಗಿಸಬೇಕಾದ ಹಿತ್ತಲ ಮೂಲೆಯಲ್ಲಿ ಕೆಂಪು ನೀರು ಜಿನುಗುತ್ತಿತ್ತು. ಅದೂ ಮೇ ತಿಂಗಳಲ್ಲಿ, ಮಂಕಿ ಊರಿನ ಬಾವಿಗಳೆಲ್ಲ ತಳ ಕಂಡ ಹೊತ್ತಿನಲ್ಲಿ.

ಅವಳ ಗಂಡ ದುರ್ಗಪ್ಪ ಬಗ್ಗಿ, ಎತ್ತಿ ಹಾಕಿದ ಮಣ್ಣಿನಿಂದ ಒಂದು ಬಳ್ಳಿ ಎಳೆದ. ಒಂದು ದಂಟಿಗೆ ಒಂದೇ ದುಂಡನೆ ಎಲೆ, ಅಂಚಿಗೆಲ್ಲ ಸಣ್ಣ ಕಚ್ಚು. ಹಿಸುಕಿ ಮೂಸಿದ. ಒಂದೆಲಗ.

*

ಮದುವೆಯಾದ ಹೊಸತರಲ್ಲಿ ಹನುಮಕ್ಕ ಇದೇ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ್ದಳು: “ಬಾವಿ ಇಲ್ಲಿ ತೆಗೀರಿ. ಒಂದೆಲಗ ಬೇಸಿಗೇಲೂ ಒಣಗ್ಲಿಲ್ಲ, ನೋಡಿ. ಬುಡದಲ್ಲಿ ನೀರಿಲ್ದೆ ಇದು ಬದುಕೂದಿಲ್ಲ.”

“ಅದು ಇಲಿಕಿವಿ. ಒಣ ಗದ್ದೇಲೂ ಬೆಳಿತದೆ.”

“ಇಲಿಕಿವಿಯಾದ್ರೆ ಹಳದಿ ಹೂ ಬಿಡ್ಬೇಕಿತ್ತಲ್ಲ?”

“ನಿಂಗೆ ಎಂತ ಗೊತ್ತು?”

ದುರ್ಗಪ್ಪನೇನು ಸೊಪ್ಪಿನ ಮಾತು ಕೇಳುವ ಗಂಡಸೇ! ನೀರು ನೋಡುವವನನ್ನು ಕರೆಸಿದ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಬಾವಿ ತೋಡಿಸಿದ. ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ. ಆಮೇಲೆ ಹೆಂಡತಿ ತೋರಿಸಿದಲ್ಲಿ ತೋಡೋಣವೆಂದರೆ ಮರ್ಯಾದೆ ಅಡ್ಡ ಬಂತು. ಹನುಮಕ್ಕ ಜಗಳಾಡಲಿಲ್ಲ. ಕೊಡ ಸೊಂಟಕ್ಕಿಟ್ಟು ನೆರೆಯ ಸಣ್ಣಮ್ಮನ ಬಾವಿಗೆ ಹೋದಳು. ಬಸುರಿಯಾಗಿದ್ದಾಗಲೂ, ಮಂಡಿ ಸವೆದ ಮೇಲೂ, ರೈಲು ಹಳಿ ನಡುವೆ ಬಂದು ದಾರಿ ಸುತ್ತು ಬಳಸಾದ ಮೇಲೂ. ಬರುವಾಗ ಈ ಮೂಲೆಯಿಂದ ಸೊಪ್ಪು ಚಿವುಟಿ ತಂದು ತಂಬುಳಿ ಮಾಡುತ್ತಿದ್ದಳು. ಅವನು ಚಪ್ಪರಿಸಿ ಉಣ್ಣುತ್ತಿದ್ದ, ಯಾವ ಸೊಪ್ಪೆಂದು ಕೇಳುತ್ತಿರಲಿಲ್ಲ.

*

ದಿನಕರ ಮೇಲಿನ ದಿಬ್ಬದಲ್ಲಿ ಬೇರೆ ಗುಂಡಿ ಶುರುಮಾಡಿದ. ಅಂಗಳದಲ್ಲಿ ಸಣ್ಣಮ್ಮ ಹನುಮಕ್ಕನ ಕೊಡ ಎತ್ತಿಕೊಂಡಳು. “ಅವಳನ್ನ ಮೀಸೂಕೆ ನಮ್ಮ ಬಾವಿ ನೀರು ತರ್ತೆ.”

“ಬ್ಯಾಡ,” ಎಂದ ದುರ್ಗಪ್ಪ. “ಆ ಗುಂಡಿ ನೀರೇ ಆತು.”

“ಕೆಸರು ನೀರ, ದುರ್ಗಪ್ಪಣ್ಣ?”

“ತಿಳಿಯಾಗ್ತದೆ. ಅವಳು ಹೇಳಿದ ನೀರು ಅದು. ನಾನೇ ಕೇಳ್ಲಿಲ್ಲ.”

ಕೊಡ ಇಸಿದುಕೊಂಡು ಗುಂಡಿಯ ಅಂಚಿಗೆ ಹೋಗಿ ಕೂತ. ಹೊತ್ತಾತು ಎಂದು ಹೆಂಗಸರು ಗೊಣಗಿದರು. ಅವನು ಕೆಸರು ತಳ ಹಿಡಿಯುವವರೆಗೆ ಕಾದ. ಆಮೇಲೆ ತಂಬಿಗೆಯಲ್ಲಿ ಮೇಲಿನ ತಿಳಿಯನ್ನಷ್ಟೇ ಮೊಗೆದು ಮೊಗೆದು ತುಂಬಿಸಿದ. ಕೊಡವನ್ನು ಅವಳಂತೆ ಸೊಂಟಕ್ಕಿಡಲು ನೋಡಿದ, ನಿಲ್ಲಲಿಲ್ಲ. ಎದೆಗವಚಿಕೊಂಡು, ಅಂಗಿ ಪೂರ ನೆನೆಸಿಕೊಂಡು ಅಂಗಳಕ್ಕೆ ಬಂದು, ಮೊದಲ ತಂಬಿಗೆಯನ್ನು ಅವಳ ಒಡೆದ ಹಿಮ್ಮಡಿಗಳ ಮೇಲೆ ಸುರಿದ.