ಜೋಳದ ಹೊಲದ ಮೇಲೆ ಶಿಕ್ಕಾ

ನನ್ನ ಅಣ್ಣ ದೌಲತರಾಯನಿಗೆ ಚಿತ್ರಕಲೆಯ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಜೇವರ್ಗಿಯ ಬಸವಂತರಾಯರ ಪಡಸಾಲೆಯಲ್ಲಿ ಚೀನಾದ ಚಿತ್ರವೊಂದು ತೂಗುತ್ತದೆ ಎಂಬುದು. ತೊಗರಿ ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ ಅವರು ಅದನ್ನು ತಂದಿದ್ದರಂತೆ. ಒಂದಿಷ್ಟು ಬಿದಿರು, ಒಂದು ಗುಬ್ಬಿ, ಮಿಕ್ಕಿದ್ದೆಲ್ಲ ಬಿಳಿ. ಅವರ ಮಗನಿಗೆ ತನ್ನ ಮಗಳು ಮಹಾನಂದಾಳನ್ನು ಕೊಡಬೇಕೆಂದು ಅಣ್ಣ ಹಟ ಹಿಡಿದಿದ್ದ. ಅಲ್ಲಿ ಕೂತು ಚಹಾ ಕುಡಿಯುವಾಗ ಬಸವಂತರಾಯರು, "ಇಂಥಾ ಕಲಾ ಗೊತ್ತಿರೋ ಸೊಸಿ ಬಂದ್ರ ಛಲೋ ನೋಡ್ರಿ" ಅಂದರಂತೆ. ಬಾಯಿಗೆ ಬಂದ ಮಾತು, ಚಹಾದ ಜೊತೆ ಹೊರಗೆ ಬಿತ್ತು. ನಮ್ಮಣ್ಣ ಅದನ್ನು ಸ್ವಾಮಿಗಳ ಅಪ್ಪಣೆ ಎಂಬಂತೆ ತಲೆಯ ಮೇಲೆ ಹೊತ್ತುಕೊಂಡು ನಮ್ಮೂರು ಆಳಂದಕ್ಕೆ ಬಂದ.

ಆಳುಗಳನ್ನು ಕರೆಸಿ ರಾಶಿ ಮಾಡಿಸಿದ ಹಾಗೆ ಕಲೆಯನ್ನೂ ಮಾಡಿಸಬಹುದೆಂದು ಅವನ ಲೆಕ್ಕಾಚಾರ. ದಾಲ್ ಮಿಲ್ಲಿನ ಮಾಲೀಕರಿಗೆ ಹಾಗೆ ಅನ್ನಿಸುವುದು ಸಹಜ. ಗುಲ್ಬರ್ಗಾದಲ್ಲಿ ವಿಚಾರಿಸಿ ಮುಮತಾಜ ಎಂಬ ಟೀಚರನ್ನು ಗೊತ್ತು ಮಾಡಿದ. ಆಕೆ ಕಲಕತ್ತಾದಲ್ಲಿದ್ದು ಚೀನಾ ರೀತಿಯ ಮಸಿಚಿತ್ರ ಕಲಿತು ಬಂದವಳು. ಭಾನುವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ನಮ್ಮ ಮಾಳಿಗೆಯ ಕೋಣೆಯಲ್ಲಿ ಕಲಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಶರಣರ ಫೋಟೋಗಳಿಗೆ ದಿನಾ ಹೂವು ಏರಿಸುತ್ತಿದ್ದರು. ಮುಮತಾಜಳ ಚಹಾಕ್ಕೆ ಕಿಟಕಿಯಲ್ಲಿ ಬೇರೆ ಕಪ್ಪು ಇಟ್ಟಿದ್ದರು. ಎರಡನ್ನೂ ಮಾಡುತ್ತಿದ್ದದ್ದು ಅತ್ತಿಗೆಯ ಒಂದೇ ಕೈ.

ಕಲಿಸುವಾಗ ಪಕ್ಕದಲ್ಲಿ ಕಾವಲು ಕೂರುವ ಕೆಲಸ ನನ್ನದು. ಗಂಡ ತೀರಿಕೊಂಡು ನಿಂಬರ್ಗಾದಿಂದ ತವರಿಗೆ ಮರಳಿದ ತಂಗಿ ಮತ್ತೆ ಯಾತಕ್ಕಿದ್ದಾಳೆ? ಹಪ್ಪಳ ಕಾಯುವುದಕ್ಕೆ, ಹುಡುಗಿಯರನ್ನು ಕಾಯುವುದಕ್ಕೆ.

ಮೊದಲ ದಿನ ಅಣ್ಣನೂ ಬಂದು ಕೂತಿದ್ದ. ಮುಮತಾಜ ಬಗಲಚೀಲದಿಂದ ಬೆರಳಿನಷ್ಟು ಉದ್ದದ ಕಪ್ಪು ಕಡ್ಡಿ ತೆಗೆದು, ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಗಂಧ ತೇಯುವ ಹಾಗೆ ಮೆಲ್ಲಗೆ ತೇಯ್ದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಸಾಹುಕಾರ್ರೆ, ಒಂದು ಮಾತು ಮೊದ್ಲೇ ಹೇಳ್ತೇನಿ. ಈ ಮಸಿಯಾಗ ದೀಪದ ಕಾಡಿಗಿ ಅದ, ಸರೇಸ ಅದ. ಸರೇಸ ಅಂದ್ರ ದನದ ಚರ್ಮ ಕುದಿಸಿ ತೆಗೆದ ಅಂಟು. ನಿಮ್ಮ ಮನ್ಯಾಗ ನಡೀತದೇನ್ರಿ?" ಎಂದು ಕೇಳಿದಳು.

ಅಷ್ಟರಲ್ಲಿ ಮಿಲ್ಲಿನ ಮೋಟಾರಿನ ಸದ್ದು ನಿಂತಿತು. ಅಣ್ಣನ ಎರಡೂ ಕಿವಿ ಅತ್ತ ಓಡಿದವು.

"ನಡೀತದ, ನಡೀತದ. ಕಲಿಸ್ರಿ ನೀವು," ಎಂದವನೇ ಧೋತರದ ಚುಂಗು ಹಿಡಿದು ಮೆಟ್ಟಿಲಿಳಿದ. ಅವನು ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ. ನನ್ನ ಕೊರಳಲ್ಲೂ ಲಿಂಗವಿದೆ. ಸ್ವಲ್ಪ ಹೊತ್ತು ಯೋಚಿಸಿದೆ. ಬಾಗಿಲಲ್ಲಿ ಬಿಟ್ಟ ಅಣ್ಣನ ಚಪ್ಪಲಿ, ಎತ್ತಿನ ಕೊರಳ ಪಟ್ಟಿ, ಭಜನೆಯ ತಬಲಾ ಎಲ್ಲ ನೆನಪಿಗೆ ಬಂದವು. ಅವು ನಡೆಯುವ ಮನೆಯಲ್ಲಿ ಇದೂ ನಡೆಯಲಿ ಎಂದುಕೊಂಡೆ.

ಮಹಾನಂದಾ ಒಳ್ಳೆಯ ಹುಡುಗಿ, ಆದರೆ ಕುಂಚ ಹಿಡಿದರೆ ಆಕಳಿಕೆ ಬರುತ್ತಿತ್ತು. ಆ ಕಾಗದವೋ, ಈರುಳ್ಳಿ ಸಿಪ್ಪೆಯಷ್ಟು ತೆಳುವು. ಕುಂಚ ಒಂದು ಕ್ಷಣ ಹೆಚ್ಚು ನಿಂತರೆ ಮಸಿ ಹರಡಿಕೊಂಡು ಬೊಟ್ಟಾಗುತ್ತದೆ, ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಮಹಾನಂದಾಳ ಬಿದಿರಿನಲ್ಲಿ ಎಲೆಯಿದ್ದ ಜಾಗದಲ್ಲೆಲ್ಲ ಕಾಗೆ ಕೂತಂತಿರುತ್ತಿತ್ತು. "ಅತ್ತಿ, ನೀನೇ ಬರಿ. ನನಗ ನಿದ್ದಿ ಬರಾಕತ್ತದ" ಎಂದು ಗೋಡೆಗೆ ಒರಗುತ್ತಿದ್ದಳು. ಮುಮತಾಜ ಕುಂಚವನ್ನು ನನ್ನ ಕಡೆ ಸರಿಸಿದಳು.

ಹಾಗೆ ನಾನು ಕಲಿತೆ. ಕಾಗದದ ಕೆಳಗೆ ಕರಿ ಕಂಬಳಿ ಹಾಸಬೇಕು. ಕುಂಚವನ್ನು ತಿಳಿಮಸಿಯಲ್ಲಿ ನೆನೆಸಿ, ತುದಿಗೆ ಮಾತ್ರ ಕಡುಕಪ್ಪು ಹಚ್ಚಿ, ಒಂದೇ ಎಳೆತಕ್ಕೆ ಗಿಣ್ಣಿನವರೆಗೆ ಎಳೆದು ಎತ್ತಿಬಿಡಬೇಕು. ಬಿದಿರು ನಾನು ಕಂಡವಳಲ್ಲ. ಜೋಳದ ದಂಟು ಕಂಡಿದ್ದೆ, ಅದಕ್ಕೂ ಗಿಣ್ಣಿದೆ. ದಂಟನ್ನು ನೆನೆದು ಎಳೆದರೆ ಬಿದಿರು ತಾನಾಗಿ ಬರುತ್ತಿತ್ತು. ಮಂಜು ಬೇಕಾದರೆ ಕಾಗದವನ್ನು ಮೊದಲು ನೀರಿನಿಂದ ಒದ್ದೆ ಮಾಡಿ, ತಿಳಿಮಸಿಯನ್ನು ಅಂಚಿನಿಂದ ಬಿಡಬೇಕು. "ಬಿಳಿ ಬಿಡ್ರಿ ಅಕ್ಕಾ," ಎಂದು ಮುಮತಾಜ ಮತ್ತೆ ಮತ್ತೆ ಹೇಳುತ್ತಿದ್ದಳು. "ಅದೂ ಚಿತ್ರನೇ." ಗಂಡ ಹೋದ ಮೇಲೆ ನನ್ನ ಕೈ ಇಷ್ಟು ಖುಷಿಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಣ್ಣನಿಗೆ ಬಿಳಿ ಕಂಡರೆ ಹೊಟ್ಟೆಯುರಿ. "ಅರ್ಧ ಕಾಗದ ಖಾಲಿ ಬಿಟ್ಟಾರ. ಕಲಕತ್ತಾದಿಂದ ತರಿಸಿದ ಕಾಗದ ಹಿಂಗ ಹಾಳ ಮಾಡ್ತಾರೇನು? ಅಲ್ಲೊಂದು ಗಿಣಿ ಕೂಡಸ್ರಿ, ಮ್ಯಾಲೊಂದು ಸೂರ್ಯ ತಗೀರಿ" ಎಂದು ತಕರಾರು ಮಾಡಿದ. ಬಿತ್ತದೆ ಬಿಟ್ಟ ಹೊಲ ನೋಡಿದವನ ಮುಖವಿತ್ತು ಅವನದು. ಅವನನ್ನು ಸಮಾಧಾನ ಮಾಡಲೆಂದು ಮುಮತಾಜ, ಚಿತ್ರ ಬರೆದವರು ಮೂಲೆಯಲ್ಲಿ ತಮ್ಮ ಹೆಸರಿನ ಕೆಂಪು ಶಿಕ್ಕಾ ಹೊಡೆಯುವ ಪದ್ಧತಿಯಿದೆ ಎಂದು ಹೇಳಿದಳು. ಹೇಳಬಾರದಿತ್ತು, ಪಾಪ. ಶಿಕ್ಕಾ ಎಂಬ ಮಾತು ಕೇಳಿದ್ದೇ ತಡ, ಅಣ್ಣನ ಮುಖ ಅರಳಿತು. ಕೆಳಗೆ ಹೋಗಿ ತನ್ನ ಸಹಕಾರಿ ಸಂಘದ ರಬ್ಬರ್ ಶಿಕ್ಕಾ ತಂದ. ದುಂಡನೆಯದು, ಸುತ್ತ ಸಂಘದ ಹೆಸರು, ನಡುವೆ 'ದೌಲತರಾಯ, ಅಧ್ಯಕ್ಷರು'. ಸಂಘದಲ್ಲಿದ್ದದ್ದು ನೇರಳೆ ಬಣ್ಣ. ಚಿತ್ರಕ್ಕೆಂದೇ ಕೆಂಪು ಪ್ಯಾಡು ಕೊಂಡ. ಅಂದಿನಿಂದ ನನ್ನ ಬಿದಿರು, ನನ್ನ ಕೊಕ್ಕರೆ, ನನ್ನ ಕಲ್ಲುಗುಡ್ಡ ಎಲ್ಲವೂ ಗೊಬ್ಬರದ ಅರ್ಜಿಗಳ ಹಾಗೆ ಮಂಜೂರಾಗತೊಡಗಿದವು. ಶಿಕ್ಕಾ ಬೀಳುವಾಗ ಮುಮತಾಜ ನೆಲ ನೋಡುತ್ತಿದ್ದಳು.

ಚಳಿಗಾಲದಲ್ಲಿ ನಾನು ನಿಂಬರ್ಗಾದ ಜೋಳದ ಹೊಲ ಬರೆದೆ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ನಸುಕಿನಲ್ಲಿ ಹೋಗುತ್ತಿದ್ದ ದಾರಿ. ಕೆಳಗೆ ಐದಾರು ದಂಟು, ಬಾಗಿದ ಒಂದು ತೆನೆ, ಆಮೇಲೆ ಮಂಜು. ಮಂಜಿನಾಚೆ ದಾರಿ ಎಲ್ಲಿಗೆ ಹೋಯಿತೋ ಕಾಣುವುದಿಲ್ಲ. ಎಷ್ಟೋ ಕಾಗದ ಹರಿದು ಹಾಕಿದ ಮೇಲೆ ಒಂದು ಬೆಳಿಗ್ಗೆ ಅದು ಬಂತು. ಮುಮತಾಜ ಬಹಳ ಹೊತ್ತು ನೋಡಿ, "ಅಕ್ಕಾ, ಇದನ್ನ ಯಾರಿಗೂ ಕೊಡಬ್ಯಾಡ್ರಿ" ಎಂದಳು.

ಅಣ್ಣ ಅದಕ್ಕೂ ಶಿಕ್ಕಾ ಹೊಡೆದ. ಹೊಡೆದು, ಗಾಜು ಹಾಕಿಸುತ್ತೇನೆಂದ. ಜೇವರ್ಗಿಯವರು ಹೆಣ್ಣು ನೋಡಲು ಬರುವ ದಿನ ಗೊತ್ತಾಗಿತ್ತು. ಚಿತ್ರವನ್ನು ಮಹಾನಂದಾ ಬರೆದದ್ದೆಂದು ಹೇಳಿ ಅವರಿಗೆ ಉಡುಗೊರೆ ಕೊಡುವುದೆಂದು ನಿಶ್ಚಯಿಸಿದ್ದ.

"ಅಣ್ಣಾ, ಉಳಿದವೆಲ್ಲ ಕೊಡು. ಇದೊಂದು ನನಗ ಬಿಡು," ಎಂದೆ. ಅವನ ಮನೆಗೆ ಬಂದ ಮೇಲೆ ನಾನು ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

"ನಿನಗ್ಯಾಕ ಬೇ? ನಿನ್ನ ಖೋಲ್ಯಾಗ ಯಾರ ನೋಡ್ತಾರ ಅದನ್ನ? ಮತ್ತ ನೀ ಬರದಿ ಅಂತ ಎಲ್ಲೂ ಬಾಯಿ ಬಿಡಬ್ಯಾಡ. ಗಂಡ ಇಲ್ಲದಾಕಿ ಬರದದ್ದು ಅಂದ್ರ ಲಗ್ನದ ಮನ್ಯಾಗ ಯಾರು ಮುಟ್ತಾರ?" ಎಂದ. ಹೋಗುತ್ತ ಹೋಗುತ್ತ, "ಆ ಮಾಸ್ತರಬಾಯಿಗಿ ಬರೂ ಐತವಾರದಿಂದ ಬರಬ್ಯಾಡ ಅಂದೀನಿ. ಕೆಲಸ ಮುಗೀತಲ್ಲ" ಎಂದು ಸೇರಿಸಿದ. ಒಡಹುಟ್ಟಿದವನನ್ನು ಅದಕ್ಕೂ ಮೊದಲು ಅಷ್ಟು ಹೇಸಿಗೆಯಿಂದ ನಾನು ನೋಡಿದ್ದು ನೆನಪಿಲ್ಲ.

ಜೇವರ್ಗಿಯವರು ಅಂಬಾಸಿಡರಿನಲ್ಲಿ ಬಂದರು. ಬಸವಂತರಾಯರು ತೊಡೆಯ ಮೇಲೆ ಚರ್ಮದ ಚೀಲ ಇಟ್ಟುಕೊಂಡು ಕೂತರು. ಅವರ ಹೆಂಡತಿ ಸುಭದ್ರಾಬಾಯಿ ಕುಡಿಯುವ ನೀರನ್ನು ತಮ್ಮ ಮನೆಯಿಂದಲೇ ತಾಮ್ರದ ತಂಬಿಗೆಯಲ್ಲಿ ತಂದಿದ್ದರು. ಅಷ್ಟು ಆಚಾರದವರು. ಹಣೆಯ ತುಂಬ ವಿಭೂತಿ, ಮುಖದ ತುಂಬ ಊರವರ ತಪ್ಪುಗಳ ಚಿಂತೆ. ಮಹಾನಂದಾ ತಲೆ ಬಗ್ಗಿಸಿ ಅವಲಕ್ಕಿ ಕೊಟ್ಟಳು. ಗೋಡೆಗೆಲ್ಲ ಅಧ್ಯಕ್ಷರು ಮಂಜೂರು ಮಾಡಿದ ಚಿತ್ರಗಳು. ಅಣ್ಣ ನಿಂಬರ್ಗಾದ ಹೊಲವನ್ನು ಎರಡೂ ಕೈಯಲ್ಲಿ ಎತ್ತಿ ಸುಭದ್ರಾಬಾಯಿಯವರ ಮಡಿಲಲ್ಲಿಟ್ಟ.

"ನಮ್ಮ ಪೋರಿ ಬರದದ್ದು ರಿ, ನಿಮಗಂತನೇ."

ಅವರು ಗಾಜಿನ ಮೇಲೆ ಬೆರಳಾಡಿಸಿದರು. ಮೊಮ್ಮಕ್ಕಳಿಗೆ ಅವರು ಕಾಡಿಗೆಯನ್ನು ಮನೆಯಲ್ಲೇ ಮಾಡುತ್ತಾರಂತೆ. ಕಣ್ಣು ಕಪ್ಪಿನ ಮೇಲೆ ಬಿತ್ತು. "ಎಷ್ಟು ಛಂದ ಕಪ್ಪ ಅದ. ಈ ಮಸಿ ಯಾತರದ್ದು ರಿ?"

ಅಣ್ಣನಿಗೆ ಏನು ಗೊತ್ತು? ಬಾಗಿಲ ಹಿಂದೆ ನಿಂತ ನನ್ನ ಕಡೆ ಕೈ ಮಾಡಿದ. "ಗೌರಾ, ಹೇಳು ಬಾ. ಕಲಿಸುವಾಗ ಕುಂತಿದ್ದಿಯಲ್ಲ."

ಕೇಳಿದ್ದನ್ನು ಹೇಳಿದೆ. ಸುಳ್ಳು ಹೇಳಿ ತೀರಿಸಬೇಕಾದಂಥ ಉಪಕಾರ ಆ ಮನೆಯಲ್ಲಿ ನನಗೆ ಯಾರೂ ಮಾಡಿರಲಿಲ್ಲ. "ದೀಪದ ಕಾಡಿಗಿ ರಿ, ಬಾಯಾರ. ಮತ್ತ ಸರೇಸ."

"ಸರೇಸ ಅಂದ್ರ?"

"ದನದ ಚರ್ಮ ಕುದಿಸಿ ತಗದ ಅಂಟು ರಿ."

ಸುಭದ್ರಾಬಾಯಿ ಚಿತ್ರವನ್ನು ಮಡಿಲಿನಿಂದ ನೆಲಕ್ಕೆ ತಳ್ಳಿದರು. ಸೆರಗು ಝಾಡಿಸಿದರು, ಕೈಯನ್ನು ಮೈಯಿಂದ ದೂರ ಹಿಡಿದುಕೊಂಡರು. ಗಂಡನ ತೊಡೆಯ ಮೇಲಿದ್ದ ಚೀಲ ಯಾತರದ್ದೆಂದು ಅವರು ಕೇಳಲಿಲ್ಲ. ತಮ್ಮ ಪಡಸಾಲೆಯಲ್ಲಿ ತೂಗುವ ಬಿದಿರೂ ಇದೇ ಜಾತಿಯ ಮಸಿಯದೆಂದು ಅವರಿಗೆ ಹೊಳೆಯಲೂ ಇಲ್ಲ. ನಾನು ಹೇಳಲಿಲ್ಲ. ಮಹಾನಂದಾ ಆ ಮನೆಗೆ ಹೋಗಿ ಬಾಳಬೇಕಲ್ಲ.

"ಅಂದ್ರ ನಿಮ್ಮ ಹುಡುಗಿ ವರ್ಷಾನಗಟ್ಲೆ ಇದರಾಗ ಕೈ ಆಡಸ್ಯಾಳ," ಎಂದರು ಸುಭದ್ರಾಬಾಯಿ. "ಅದೇ ಕೈಲೆ ಲಿಂಗಪೂಜಾ ಮಾಡ್ಯಾಳ. ಇಂಥಾಕಿ ನಮ್ಮ ಅಡಗಿ ಮನ್ಯಾಗ ಹೆಂಗ ಬರ್ತಾಳ್ರಿ?"

ಬಸವಂತರಾಯರು ಚೀಲ ಎತ್ತಿಕೊಂಡು ಎದ್ದೇಳುವ ಹವಣಿಕೆಯಲ್ಲಿದ್ದರು. ಅಣ್ಣನ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಇಳಿಯುತ್ತಿತ್ತು. ನನ್ನನ್ನೊಮ್ಮೆ ನೋಡಿದ, ಮಗಳನ್ನೊಮ್ಮೆ ನೋಡಿದ.

"ಇಲ್ರಿ ಬಾಯಾರ. ನಮ್ಮ ಪೋರಿ ಅದನ್ನ ಬರದೇ ಇಲ್ಲ."

"ಮತ್ತ ಯಾರು ಬರದ್ರು?"

"ಇಕಿ ರಿ. ನನ್ನ ತಂಗಿ, ಗೌರಾಬಾಯಿ."

"ಈಗ ಹಿಂಗ ಅಂತೀರಿ. ಆಗಳೆ ಪೋರಿ ಅಂದ್ರಿ. ಗ್ವಾಡಿ ಮ್ಯಾಲಿನ ಆ ಬಿದಿರು?"

"ಅದೂ ಅಕಿದೇ ರಿ."

"ಆ ಕೊಕ್ಕರಿ?"

"ಅಕಿದೇ. ಎಲ್ಲಾ ಅಕಿದೇ ರಿ."

"ಎಲ್ಲಾದರ ಮ್ಯಾಲೂ ನಿಮ್ಮ ಹೆಸರಿನ ಶಿಕ್ಕಾ ಅದಲ್ಲ?"

"ಅದು ಸುಮ್ಮ ಹೊಡದೀನ್ರಿ. ನನಗೇನ್ ಬರ್ತದ ಅದ್ರಾಗ?"

ಸುಭದ್ರಾಬಾಯಿಗೆ ನಂಬಿಕೆ ಬರಲಿಲ್ಲ. ಲಿಂಗ ಮುಟ್ಟಿ ಹೇಳಿರಿ ಎಂದರು. ಅಣ್ಣ ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಸಾಕ್ಷಿ ಹೇಳುವವನ ಹಾಗೆ ದೊಡ್ಡ ದನಿಯಲ್ಲಿ ಹೇಳಿದ. "ಈ ಮನ್ಯಾಗಿನ ಚಿತ್ರ ಒಂದೂ ಬಿಡದ ನನ್ನ ತಂಗಿ ಗೌರಾಬಾಯಿ ಬರದಾಳ. ಬ್ಯಾರೆ ಯಾರ ಕೈನೂ ಹತ್ತಿಲ್ಲ." ಅಂಗಳದಲ್ಲಿದ್ದ ಆಳುಗಳಿಗೂ, ಅಡುಗೆಮನೆಯಲ್ಲಿದ್ದ ಅತ್ತಿಗೆಗೂ ಕೇಳಿಸಿತು.

ಮದುವೆ ನಿಶ್ಚಯವಾಯಿತು. ದಾಲ್ ಮಿಲ್ಲು ಶುದ್ಧವಾಗಿತ್ತಲ್ಲ, ಬಸವಂತರಾಯರಿಗೆ ಅಷ್ಟು ಸಾಕಿತ್ತು. ಅವರ ಗಾಡಿ ಹೋದ ಮೇಲೆ ಅಣ್ಣ ಚಿತ್ರಗಳನ್ನೂ ಕುಂಚ ಮಸಿಯನ್ನೂ ಹಿತ್ತಲಿಗೆ ಹಾಕಿಸಿ, ಪಡಸಾಲೆಗೆ ಗೋಮೂತ್ರ ಚಿಮುಕಿಸಿದ. ಮಸಿ ಅಂಟಿದ್ದು ನನ್ನ ಕೈಗೆ. ಅದಕ್ಕೆ ಚಿಮುಕಿಸುವ ನೆನಪು ಯಾರಿಗೂ ಆಗಲಿಲ್ಲ.

ನಾನು ಹಿತ್ತಲಿಗೆ ಹೋಗಿ ಒಂದೊಂದನ್ನೇ ಆರಿಸಿಕೊಂಡೆ. ಅಣ್ಣ ಹಿಂಬಾಗಿಲಲ್ಲಿ ಬಂದು ನಿಂತ. "ಅವನ್ನ ಮತ್ತ ಮನಿ ಒಳಗ ತರಬ್ಯಾಡ," ಎಂದ.

"ತರೂದಿಲ್ಲ, ಅಣ್ಣಾ. ಐತವಾರ ಗುಲ್ಬರ್ಗಾ ಬಸ್ಸಿಗಿ ಒಯ್ತೇನಿ. ಮುಮತಾಜ ಬಾಯಿ ಮನ್ಯಾಗ ಇಡ್ತೇನಿ. ಇನ್ನ ಅಲ್ಲೇ ಹೋಗಿ ಬರೀತೇನಿ."

ಅವನು ಧೋತರದ ಚುಂಗು ಹಿಡಿದು ಮಿಲ್ಲಿನ ಕಡೆ ಹೋದ.

ನಿಂಬರ್ಗಾದ ಹೊಲದ ಗಾಜು ಸೀಳಿತ್ತು, ಕಾಗದಕ್ಕೆ ಏನೂ ಆಗಿರಲಿಲ್ಲ. ಅದನ್ನು ಚೌಕಟ್ಟಿನಿಂದ ಬಿಡಿಸಿ, ಕತ್ತರಿ ತಂದು, ಶಿಕ್ಕಾ ಇದ್ದ ಮೂಲೆಯನ್ನು ಕತ್ತರಿಸಿ ಹಿತ್ತಲಿನ ಒಲೆಗೆ ಹಾಕಿದೆ. ನನ್ನ ಹೆಸರು ಬರೆಯಲೆಂದು ಕುಂಚ ನೆನೆಸಿದೆ, ಆಮೇಲೆ ಬೇಡವೆನಿಸಿ ತೊಳೆದಿಟ್ಟೆ. ಯಾರು ಬರೆದದ್ದೆಂದು ಅಣ್ಣ ಲಿಂಗ ಮುಟ್ಟಿ ಹೇಳಿದ್ದಾನೆ.