ಮನ್ಮಥನ ಕೈಯ ಪಂಜು

ಮದುವೆಯ ಉಡುಗೊರೆಯಾಗಿ ಹೋದ ಗಡಿಯಾರದ ಮೇಲೆ ಮನ್ಮಥ ಸಾವಿನ ಪಂಜು ಹಿಡಿದು ನಿಂತಿದ್ದ! ಕಂಚಿಗೆ ಚಿನ್ನದ ಗಿಲೀಟು, ಸುತ್ತ ಗುಲಾಬಿ ಬಳ್ಳಿ, ಜೋಡಿ ಪಾರಿವಾಳ, ಎಲ್ಲಾ ಸರಿ. ಆದರೆ ಪಂಜಿನ ಉರಿ ಮೇಲಿದ್ದರೆ ಪ್ರೀತಿ, ಕೆಳಗಿದ್ದರೆ ಸಾವು. ಪ್ಯಾರಿಸಿನ ಕಂಚಿನ ಕೆಲಸದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೋಡಣೆ ಕೆಲಸದ ಆನ್ಸೆಲ್ಮ್ ಹದಿನೈದು ದಿನದಿಂದ ಸತ್ತವರ ನೆನಪಿನ ಗಡಿಯಾರಗಳನ್ನೇ ಜೋಡಿಸುತ್ತಿದ್ದ. ರೂಢಿಬಿದ್ದ ಕೈ ಈ ಪಂಜನ್ನೂ ತಲೆಕೆಳಗು ಮಾಡಿ ತಿರುಪು ಬಿಗಿದಿತ್ತು.

ಅದನ್ನು ನೋಡಿ ಮದುಮಗಳ ಅಜ್ಜಿ ಕುಸಿದು ಕೂತಳಂತೆ. ಬೆಳಿಗ್ಗೆ ಸುದ್ದಿ ಬಂದದ್ದೇ ಯಜಮಾನ ವಾಸೆರ್ ಕೆಂಡವಾದ.

"ಕೊನೇಲಿ ಕೈ ಇಟ್ಟೋರು ಯಾರು?"

ಕೊನೆಗೆ ಕೈ ಇಡುವವಳು ಪೆರೀನ್. ನುಣುಪು ಕಲ್ಲಿನಿಂದ ಉಜ್ಜಿ ಗಿಲೀಟಿಗೆ ಹೊಳಪು ಕೊಡುವವಳು, ಇಪ್ಪತ್ತು ವರ್ಷದಿಂದ ಆನ್ಸೆಲ್ಮನ ಪಕ್ಕದಲ್ಲೇ ಕೂತು ದುಡಿದವಳು. ಉಜ್ಜಲು ಪಂಜು ಬಿಚ್ಚಿ ಅವಳೇ ತಿರುಗಾಮುರುಗಾ ಹಾಕಿದ್ದಾಳೆ ಎಂದು ಯಜಮಾನ ತೀರ್ಮಾನಿಸಿಬಿಟ್ಟ.

"ನಾನದನ್ನ ಬಿಚ್ಚೇ ಇಲ್ಲ, ಯಜಮಾನ್ರೇ."

"ಹಾಗಾದ್ರೆ ಮನ್ಮಥ ತಾನೇ ತಿರುಗಿಸ್ಕೊಂಡ್ನಾ? ನಡೀ ಆಚೆ! ನಾಳೆಯಿಂದ ಬರಬೇಡ."

‘ನಾನು’ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆನ್ಸೆಲ್ಮನ ಹಾಳು ಬಾಯಿ ತೆರೆಯಲಿಲ್ಲ. ಹೇಡಿ ನನ್ಮಗ!

ಪಂಜು ಸರಿಮಾಡಲು ಯಜಮಾನ ಮದುವೆ ಮನೆಗೆ ಕಳಿಸಿದ್ದೂ ಅವನನ್ನೇ. ಎರಡು ಸುತ್ತು ತಿರುಪಿನ ಕೆಲಸ. ಉರಿ ಮೇಲಾಯಿತು, ಅಜ್ಜಿಯ ಮುಖ ಅರಳಿತು.

"ನಿನ್ನ ಹೊಟ್ಟೆ ತಣ್ಣಗಿರ್ಲಪ್ಪ! ಇದನ್ನ ಕೆಡಿಸಿದ್ದು ಯಾರೋ ಹೆಂಗಸು ಅಂತ ನಿಮ್ಮ ಯಜಮಾನ್ರು ಹೇಳಿಕಳಿಸಿದ್ರು. ಅವಳನ್ನ ಓಡಿಸಿದ್ರು ತಾನೇ?"

"ಹೂಂ, ಅಮ್ಮಾ," ಎಂದ. ಎಂದೇಬಿಟ್ಟ! ಅವಳು ಮದುವೆಯ ಸಕ್ಕರೆ ಬಾದಾಮಿಯ ಪೊಟ್ಟಣ ಕೊಟ್ಟಳು, ಅದನ್ನೂ ಇಸಕೊಂಡ. ಬೀದಿಯ ಜನವೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ನಾಚಿಕೆಯಿಂದ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು ನಡೆದ.

ಕಾರ್ಖಾನೆಯ ಬಾಗಿಲಲ್ಲಿ ಪೆರೀನ್ ತನ್ನ ಉಜ್ಜುಗಲ್ಲುಗಳನ್ನು ಗಂಟು ಕಟ್ಟಿಕೊಂಡು ನಿಂತಿದ್ದಳು. ತಲೆ ತಗ್ಗಿಸಿ ದಾಟಿಹೋಗಲು ನೋಡಿದ, ಆಗಲಿಲ್ಲ.

"ಪೆರೀನ್, ಆ ಪಂಜು..."

"ತಿರುಪು ಬಿಗಿದಿದ್ದು ನೀನು. ನಾನು ಪಕ್ಕದಲ್ಲೇ ಇರ್ಲಿಲ್ವಾ, ಮಾರಾಯಾ?"

"ಮತ್ತೆ ಯಜಮಾನ್ರಿಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅನ್ಕೊಂಡೆ. ಅಲ್ಲಿಗೆ ಹೋಗಿ ಬರೋಷ್ಟರಲ್ಲಾದ್ರೂ ಮನಸ್ಸು ಬದಲಾಗತ್ತೇನೋ ಅಂತ ಇಲ್ಲೇ ಕಾದೆ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಯಜಮಾನನ ದನಿ ಬಂತು.

"ಆನ್ಸೆಲ್ಮ್, ಎಲ್ಲಾ ಸರಿಹೋಯ್ತೇನೋ?"

ಪೆರೀನ್ ಅವನ ಮುಖವನ್ನೇ ನೋಡುತ್ತಿದ್ದಳು.

"ಸರಿಹೋಯ್ತು, ಯಜಮಾನ್ರೇ," ಎಂದ ಆನ್ಸೆಲ್ಮ್.

ಅವಳು ಗಂಟು ಎತ್ತಿಕೊಂಡು ಹೊರಟುಹೋದಳು.