ದೀಪಿಕಳ ವಿಡಿಯೊ

ಮದ್ದೂರು ಬಳಿಯ ಕೊಪ್ಪದ ಆಶಾ ಕಾರ್ಯಕರ್ತೆ ಶೋಭಿತಾ ಬಾಣಂತಿಯರಿಗೆಂದು ಸಾಮಾಜಿಕ ಜಾಲತಾಣದಲ್ಲಿ ಒಂದು ಪುಟ ನಡೆಸುತ್ತಿದ್ದಳು. ಎದೆಹಾಲು ಕುಡಿಸುವ ಬಗೆಯನ್ನು ಬರೀ ಬಾಯಲ್ಲಿ ಹೇಳಿದರೆ ಚೊಚ್ಚಲ ತಾಯಂದಿರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಪಕ್ಕದ ಬೀದಿಯ ದೀಪಿಕಳನ್ನು ಒಪ್ಪಿಸಿ, ಅವಳು ಕೂಸಿಗೆ ಹಾಲೂಡಿಸುವುದನ್ನೇ ವಿಡಿಯೊ ಮಾಡಿ ಹಾಕಿದಳು. ದೀಪಿಕ ಮೊದಲು ನಾಚಿದ್ದಳು. ಆಮೇಲೆ, "ನಿಮ್ಮೇಲೆ ನಂಬ್ಕೆ ಮಡಗಿವ್ನಿ ಕಣಕ್ಕ" ಎಂದು ಸೆರಗು ಸರಿಸಿದ್ದಳು.

ಮಳವಳ್ಳಿ ಕಡೆಯ ತಾಯಂದಿರೂ ಅದನ್ನು ನೋಡಿ ಪ್ರಶ್ನೆ ಕೇಳತೊಡಗಿದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಜಾಲತಾಣದ ಕಂಪನಿಯವರು ಪುಟವನ್ನೇ ಮುಚ್ಚಿದ್ದರು. "ಅಶ್ಲೀಲ ದೃಶ್ಯದ ಕಾರಣ ತೆಗೆಯಲಾಗಿದೆ" ಎಂಬ ಸಾಲೊಂದೇ ಎಲ್ಲರಿಗೂ ಕಾಣುತ್ತಿತ್ತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು ಶೋಭಿತಾಳನ್ನು ಕಂಡು ಮಾತು ನಿಲ್ಲಿಸಿದರು. ವಿಡಿಯೊ ನೋಡದವರೇ ಹೆಚ್ಚು ನಕ್ಕರು. ದೀಪಿಕಳ ಗಂಡ ಯತೀಶ್ ಬಾಗಿಲಿಗೆ ಬಂದು, "ಅದೇನಕ್ಕ ವಿಡಿಯೊ ತೆಗೆದಿದ್ರಿ ನಮ್ಮನೆಯವಳ್ದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ತಾನು ತಪ್ಪು ಮಾಡಿಲ್ಲವೆಂದು ಪೊಲೀಸರಿಂದಲೇ ಹೇಳಿಸಲು ಶೋಭಿತಾ ಮಂಡ್ಯಕ್ಕೆ ಬಸ್ಸು ಹತ್ತಿದಳು. ಪೊಲೀಸ್ ಇನ್‌ಸ್ಪೆಕ್ಟರ್ ವನಜಾ ಅವಳ ಫೋನಿನಲ್ಲಿ ಉಳಿದಿದ್ದ ವಿಡಿಯೊವನ್ನು ಕೊನೆಯವರೆಗೂ ನೋಡಿದರು.

"ಇದ್ರಲ್ಲಿ ಏನೂ ತಪ್ಪಿಲ್ಲ ಕಣಮ್ಮ. ಯಾವ ಕಾನೂನೂ ನಿಮ್ಮನ್ನ ಹಿಡಿಯಲ್ಲ."

"ಅದನ್ನೇ ಬರ್ದು ಕೊಡಿ ಮೇಡಂ, ಆ ಕಂಪ್ನಿಯೋರಿಗೆ ಕಳಿಸ್ತೀನಿ."

"ಬರ್ಕೊಡ್ತೀನಿ. ಆದ್ರೆ ತೆರೆಯೋದು ಮುಚ್ಚೋದು ಅವರ ಕೈಲಿದೆ. ನಮ್ ಮಾತು ಅಲ್ಲಿ ನಡೆಯಲ್ಲ."

ವನಜಾ ಬರೆದುಕೊಟ್ಟ ಪತ್ರವನ್ನು ಫೋನಿನಲ್ಲೇ ಕಳಿಸಿದಳು; ವಾಪಸು ಬರುವ ಬಸ್ಸು ಮದ್ದೂರು ಮುಟ್ಟುವ ಮೊದಲೇ ಕಂಪನಿಯ ಉತ್ತರ ಬಂತು. ನಿರ್ಧಾರ ಬದಲಾಗದು; ತಪ್ಪೊಪ್ಪಿಕೊಂಡರೆ ಆ ವಿಡಿಯೊ ಬಿಟ್ಟು ಉಳಿದ ಪುಟವನ್ನು ಮರಳಿ ಕೊಡುತ್ತೇವೆ ಎಂದಿತ್ತು. ಹೊಳಲು ಊರಿನ ಬಾಣಂತಿಯೊಬ್ಬಳ ಪ್ರಶ್ನೆ ಮುಚ್ಚಿದ ಪುಟದೊಳಗೆ ಸಿಕ್ಕಿಕೊಂಡು ಶೋಭಿತಾಳಿಗೆ ಮಾತ್ರ ಕಾಣುತ್ತಿತ್ತು: "ಕೂಸು ಮೊಲೆ ಕಚ್ತಾ ಇಲ್ಲ ಅಕ್ಕ, ಅಳು ನಿಲ್ಸ್ತಾ ಇಲ್ಲ." ಉತ್ತರ ಬರೆಯಲು ಫೋನು ಬಿಡಲಿಲ್ಲ. ಶೋಭಿತಾ ಒಪ್ಪುತ್ತೇನೆ ಎಂಬಲ್ಲಿ ಒತ್ತಿದಳು. ಹೊಳಲಿನವಳಿಗೆ ಉತ್ತರ ಬರೆದ ಮೇಲೆಯೇ ಅವಳ ಕಣ್ಣು ಪುಟದ ತಲೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದ ಸಾಲಿನ ಮೇಲೆ ಬಿದ್ದದ್ದು: "ಅಶ್ಲೀಲ ದೃಶ್ಯ ಹಾಕಿದ್ದನ್ನು ಈ ಪುಟದವರು ಒಪ್ಪಿಕೊಂಡಿದ್ದಾರೆ." ಅಳಿಸಲು ನೋಡಿದಳು, ಆಗಲಿಲ್ಲ.

ಮುಂದಿನ ವಾರ ಕೂಸಿನ ತೂಕ ನೋಡಲು ದೀಪಿಕಳ ಮನೆಗೆ ಹೋಗಲೇಬೇಕಾಯಿತು. ದೀಪಿಕ ಕೂತ್ಕಳಿ ಎನ್ನಲಿಲ್ಲ.

"ಪೊಲೀಸ್ನೋರು ತಪ್ಪಿಲ್ಲ ಅಂದ್ರಂತಲ್ಲ?"

"ಅಂದ್ರು."

"ಮತ್ಯಾಕ್ ಒಪ್ಕಂಡ್ರಿ? ಅದ್ರಲ್ಲಿ ಇದ್ದೋಳು ನಾನಲ್ವಾ ಅಕ್ಕ?"

ಹೊಳಲಿನ ಕೂಸಿನ ಮಾತು ಶೋಭಿತಾಳ ನಾಲಿಗೆಯ ತುದಿಗೆ ಬಂತು. ಅದು ನಿಜವೇ ಆದರೂ ಇವಳ ಮುಂದೆ ನೆಪದಂತೆ ಕೇಳಿಸೀತು ಅನ್ನಿಸಿ ನುಂಗಿಕೊಂಡಳು. "ಒಪ್ಕೊಳೋಕ್ ಮುಂಚೆ ನಿನ್ನನ್ನೊಂದು ಮಾತು ಕೇಳ್ಬೇಕಿತ್ತು ಕಣವ್ವ" ಎಂದಳು. ಕಿವಿಯೆಲ್ಲ ಬಿಸಿಯಾಗಿತ್ತು.

ಅಷ್ಟರಲ್ಲಿ ಕೂಸು ಅಳತೊಡಗಿತು. ದೀಪಿಕ ಅದನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೂತು, ಅದರ ಬಾಯಿಗೆ ಹಾಲಿನ ಬಾಟಲಿ ಇಟ್ಟಳು. ಬಾಟಲಿ ಬೇಡ ಎಂದು ಮನೆಮನೆಗೂ ಹೇಳಿ ಬರುವ ಶೋಭಿತಾಳಿಗೆ ಆ ಹೊತ್ತು ಬಾಯಿ ಬರಲಿಲ್ಲ. ತೂಕದ ಚೀಲ ಮಡಿಸಿಕೊಂಡು, ತಲೆ ತಗ್ಗಿಸಿ ಹೊಸ್ತಿಲು ದಾಟಿದಳು.